ಹಕ್ಕಿಗಳಿಗೆ ಆಮಂತ್ರಣ ತಲುಪಿರಲಿಲ್ಲ

ಫೆಬ್ರವರಿ 2ಕ್ಕೆ ನಮ್ಮ ಕಡೆಯ ಒಂದು ಪಕ್ಷಿಧಾಮದಲ್ಲಿ ಜೌಗು ಪ್ರದೇಶಗಳ ದಿನ ಆಚರಿಸಿದರು. ಶಾಮಿಯಾನ ಇತ್ತು, ಮೈಕ್ ಇತ್ತು, ಉಪ್ಪಿಟ್ಟು-ಕೇಸರಿಬಾತ್ ಇತ್ತು. ಗಣ್ಯರು ಒಂದೂವರೆ ಗಂಟೆ ತಡವಾಗಿಯಾದರೂ ಬಂದರು. ಬಾರದೆ ಇದ್ದದ್ದು ಹಕ್ಕಿಗಳು ಮಾತ್ರ.

ಅವುಗಳ ತಪ್ಪೇನೂ ಇಲ್ಲ. ಮಲೆನಾಡಿನಲ್ಲಿ ನೀರುಹಕ್ಕಿಗಳ ಸಂಸಾರ ನಡೆಯುವುದೇ ಮಳೆಗಾಲದಲ್ಲಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮಂಡಗದ್ದೆ. ತುಂಗೆ ತುಂಬಿ ಹರಿಯುವಾಗ ಅಲ್ಲಿನ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಕೂತಿರುತ್ತವೆ. ಸೊರಬ ತಾಲ್ಲೂಕಿನ ಗುಡವಿ ಕೆರೆಯಲ್ಲೂ ಇದೇ ಲೆಕ್ಕ. ಮಳೆ ಬಿದ್ದರೆ ಮೀನು, ಕಪ್ಪೆ ಜಾಸ್ತಿ. ಬುಡಕ್ಕೆ ನೀರು ನಿಂತ ಮರಕ್ಕೆ ಕಾಡುಬೆಕ್ಕು ಸುಲಭವಾಗಿ ಹತ್ತುವಂತಿಲ್ಲ, ಬಿಟ್ಟಿ ಕಾಂಪೌಂಡು. ಮರಿಗಳ ರೆಕ್ಕೆ ಬಲಿತ ಮೇಲೆ ಗೂಡು ಖಾಲಿ. ಫೆಬ್ರವರಿಯಲ್ಲಿ ಹೋಗಿ ಹಕ್ಕಿ ಹುಡುಕುವುದು ಅಂದರೆ ಮದುವೆ ಮುಗಿದ ವಾರಕ್ಕೆ ಮುಯ್ಯಿ ಹಿಡಿದು ಛತ್ರಕ್ಕೆ ಹೋದ ಹಾಗೆ.

ಆದರೆ 1971ರ ಫೆಬ್ರವರಿ 2ರಂದು ಇರಾನಿನ ರಾಮ್‌ಸಾರ್ ಎಂಬ ಊರಿನಲ್ಲಿ, ಜೌಗು ಉಳಿಸುತ್ತೇವೆ ಅಂತ ಒಂದಷ್ಟು ದೇಶಗಳು ಒಪ್ಪಂದ ಮಾಡಿಕೊಂಡವು. ಒಳ್ಳೆಯ ಕೆಲಸವೇ. ಉಳಿಸಬೇಕಾದ ಜೌಗುಗಳ ಪಟ್ಟಿಯೂ ಆ ಊರಿನ ಹೆಸರಿನಲ್ಲೇ ಇದೆ. ನಮ್ಮ ಪಕ್ಕದ ಜಿಲ್ಲೆಯ ಅಘನಾಶಿನಿ ಅಳಿವೆ 2024ರಲ್ಲಿ ಆ ಪಟ್ಟಿಗೆ ಸೇರಿತು. ಕರಾವಳಿಯ ಕೆಸರಿಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಅವರಿಗೆ ಫೆಬ್ರವರಿ ಸರಿ. ಘಟ್ಟದ ಮೇಲಿನ ನಮಗೂ ಅದೇ ತಾರೀಖು ಯಾಕೆ ಅಂತ ಕೇಳಿದೆ. "ಮೇಲಿಂದ ಆದೇಶ ಬಂದಿದೆ ಸಾರ್" ಅಂದರು. ನಾನು ಆಕಾಶ ನೋಡಿದೆ. ಮೇಲಿಂದ ಬಂದದ್ದು ಅದೊಂದೇ.

ಭಾಷಣ ಶುರುವಾಯಿತು. "ಈ ಪಕ್ಷಿಧಾಮವನ್ನೂ ರಾಮ್‌ಸಾರ್‌ಗೆ ಸೇರಿಸಿಯೇ ತೀರುತ್ತೇವೆ" ಅಂತ ಗಣ್ಯರು ಮೇಜು ಕುಟ್ಟಿದರು. ನನ್ನ ಪಕ್ಕ ಕೂತಿದ್ದ ಹಿರಿಯರು ಕಿವಿಯ ಹತ್ತಿರ ಬಂದು, "ಅಲ್ಲ ಮಾರಾಯ್ರೇ, ಈ ರಾಮ್ ಸಾರ್ ಯಾರು? ಹೊಸ ರೇಂಜರಾ?" ಅಂದರು. ಇರಾನಿನ ಊರು ಅಂದೆ. "ಅಷ್ಟು ದೂರಕ್ಕೆ ವರ್ಗ ಮಾಡ್ತಾರಾ ನಮ್ಮ ಕೆರೆನ?" ಅಂತ ಅವರಿಗೆ ಆತಂಕ.

ಹಕ್ಕಿ ಇರಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ದಾರಿಯುದ್ದಕ್ಕೂ ಪೆಂಗ್ವಿನ್‌ಗಳಿದ್ದವು. ಕಪ್ಪು-ಬಿಳಿ ಬಣ್ಣ, ಕೆಂಪು ಟೈ, ಹೊಟ್ಟೆಯ ಮೇಲೆ 'ನನ್ನನ್ನು ಬಳಸಿ' ಎಂಬ ಬರಹ. ಬಾಯಿ ಪೂರ್ತಿ ಚಿಪ್ಸ್ ಪ್ಯಾಕೆಟ್ಟು. ನೀರುಕಾಗೆಯ ಆಕಾರದ ಕಸದ ಡಬ್ಬಿ ಯಾರಾದರೂ ಮಾಡುತ್ತಾರಾ? ನೀರುಕಾಗೆಗೆ ಟೈ ಒಪ್ಪುವುದಿಲ್ಲ ಬಿಡಿ. ಹಿಮದ ನಾಡಿನ ಪೆಂಗ್ವಿನ್ ಮಾತ್ರ ಇಲ್ಲಿ ವರ್ಷಪೂರ್ತಿ ವಾಸ. ಮಳೆಗಾಲದಲ್ಲಿ ಪಾಚಿ ಹಿಡಿದರೂ ಜಾಗ ಬಿಟ್ಟು ಕದಲುವುದಿಲ್ಲ. ಜನ ಅದರ ಹೆಗಲಿಗೆ ಕೈ ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. 'ನಿಶ್ಶಬ್ದ ಕಾಪಾಡಿ' ಎಂಬ ಫಲಕಕ್ಕೆ ಧ್ವನಿವರ್ಧಕ ಕಟ್ಟಿದ್ದರು. ಗಟ್ಟಿ ಕಂಬ ಅದೊಂದೇ ಇತ್ತಂತೆ.

ಹಿಂದುಗಡೆ ನಿಂತಿದ್ದ ವಾಚರ್‌ನನ್ನು ಕೇಳಿದೆ, ಹಕ್ಕಿ ಯಾವಾಗಪ್ಪಾ ಬರೋದು ಅಂತ.

"ಜೂನ್‌ಗೆ ಬರ್ತಾವೆ ಸಾರ್. ಆವಾಗ ನೀವ್ಯಾರೂ ಬರಲ್ಲ."

"ಕಾರ್ಯಕ್ರಮಾನ ಆವಾಗಲೇ ಇಟ್ಕೊಳ್ಳಬಹುದಲ್ವಾ?"

"ಮಳೇಲಿ ಶಾಮಿಯಾನ ನಿಲ್ಲಲ್ಲ ಸಾರ್."

ಕೊನೆಗೆ ಪೇಟೆಯಿಂದ ಪಂಜರದಲ್ಲಿ ತಂದಿದ್ದ ಎರಡು ಪಾರಿವಾಳಗಳನ್ನು ಗಣ್ಯರು ಹಾರಿಸಿದರು. ಅವು ಶಾಮಿಯಾನದ ಸುತ್ತ ಒಂದು ಸುತ್ತು ಹಾಕಿ ಉಪ್ಪಿಟ್ಟಿನ ಟೇಬಲ್ ಹತ್ತಿರ ಇಳಿದವು. ಬಸ್ಸಿನಲ್ಲಿ ಕರೆತಂದಿದ್ದ ಶಾಲೆಯ ಮಕ್ಕಳಿಗೆ, ಕಂಡ ಹಕ್ಕಿಗಳ ಪಟ್ಟಿ ಬರೆಯಲು ಮೇಷ್ಟ್ರು ಹೇಳಿದ್ದರು. ನಾಲ್ಕನೇ ಕ್ಲಾಸಿನ ಹುಡುಗನೊಬ್ಬನ ನೋಟ್‌ಬುಕ್ ಇಣುಕಿ ನೋಡಿದೆ. ಅಕ್ಷರ ದುಂಡಗಿತ್ತು.

'ಪಾರಿವಾಳ 2. ಪೆಂಗ್ವಿನ್ 11.'