‘ಇ’ ಬಂದರೆ ಸ್ತ್ರೀಲಿಂಗವೇ? ಸತ್ಯಾಂಶ ಇಲ್ಲಿದೆ

“ಫ್ರೆಂಚ್ ಪದದ ಕೊನೆಗೆ ‘ಇ’ (e) ಅಕ್ಷರ ಇದ್ದರೆ ಸ್ತ್ರೀಲಿಂಗ, ಇಲ್ಲದಿದ್ದರೆ ಪುಲ್ಲಿಂಗ. ಇಷ್ಟೇ!” ಕೊಪ್ಪಳ, ಗಂಗಾವತಿ ಕಡೆ ಫ್ರೆಂಚ್ ಕಲಿಯುವವರ ವಾಟ್ಸಾಪ್‌ಗೆ ಈ ಮೆಸೇಜು ಬರುತ್ತಿರುತ್ತದೆ. ಸುಮ್ನೆ ನಂಬಬೇಡಿ, ಇದು ಅರ್ಧ ಸತ್ಯ.

ಆನೆಗೊಂದಿಯಲ್ಲಿ ಪ್ರವಾಸಿಗರಿಗೆ ಊರು ತೋರಿಸುತ್ತಿದ್ದೀರಿ ಅಂದುಕೊಳ್ಳಿ. ಗುಡಿಗೆ ಫ್ರೆಂಚಿನಲ್ಲಿ ‘ತಾಂಪ್ಲ್’. ಬರೆದಾಗ ಕೊನೆಗೆ ‘ಇ’ ಇದೆ, ಆದರೂ ಪುಲ್ಲಿಂಗ: ‘ಲ ತಾಂಪ್ಲ್’. (ಪದದ ಮುಂದೆ ಬರುವ ‘ಲ’ ಪುಲ್ಲಿಂಗದ ಗುರುತು, ‘ಲಾ’ ಸ್ತ್ರೀಲಿಂಗದ್ದು.) ಅಂಜನಾದ್ರಿ ಮೆಟ್ಟಿಲ ಮೇಲಿನ ಮಂಗವೂ ಹಾಗೇ, ‘ಲ ಸ್ಯಾಂಜ್’. ಮನೆ ಅನ್ನುವ ಪದಕ್ಕೆ ಕೊನೆಯಲ್ಲಿ ‘ಇ’ ಇಲ್ಲ, ಅದು ಸ್ತ್ರೀಲಿಂಗ: ‘ಲಾ ಮೆಝೋಂ’.

ನದಿಯದ್ದು ಇನ್ನೂ ಚೆಂದ. ಸಮುದ್ರ ಸೇರುವ ನದಿ ‘ಲ ಫ್ಲೋವ್’, ಪುಲ್ಲಿಂಗ. ಇನ್ನೊಂದು ನದಿಯನ್ನು ಸೇರುವುದು ‘ಲಾ ರಿವ್ಯೆರ್’, ಸ್ತ್ರೀಲಿಂಗ. ಎರಡರ ಕೊನೆಗೂ ‘ಇ’ ಇದೆ! ಕೃಷ್ಣೆ ಮೊದಲನೆಯದು. ಅವಳನ್ನು ಸೇರುವ ನಮ್ಮ ತುಂಗಭದ್ರೆ ಎರಡನೆಯದು.

ಕನ್ನಡದಲ್ಲಿ ಅರ್ಥ ನೋಡಿ ಬಂದನು, ಬಂದಳು, ಬಂತು ಅನ್ನುತ್ತೇವೆ, ಅಲ್ವಾ? ಫ್ರೆಂಚ್ ನಾಮಪದಗಳಿಗೆ ನಪುಂಸಕಲಿಂಗವೇ ಇಲ್ಲ. ಕುರ್ಚಿ ಕೂಡ ಸ್ತ್ರೀಲಿಂಗ. ‘ನಾಸ್ಯೋಂ’, ‘ಸ್ತಾಸ್ಯೋಂ’ ತರಹ ‘ಸ್ಯೋಂ’ ಎಂದು ಮುಗಿಯುವವು ಹೆಚ್ಚುಕಡಿಮೆ ಎಲ್ಲವೂ ಸ್ತ್ರೀಲಿಂಗ, ಆ ಗುರುತನ್ನು ಜಾಸ್ತಿ ನಂಬಬಹುದು. ಉಳಿದ ಪದಗಳನ್ನು ಮೊದಲ ದಿನದಿಂದಲೇ ‘ಲ’, ‘ಲಾ’ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.