ಆನೆಗೊಂದಿಯ ಮನೆಗೂ ರೆಸಾರ್ಟಿಗೂ ಒಂದೇ ಅಳತೆಗೋಲು ಏಕೆ?

ಹಂಪಿಯ ಎದುರು, ತುಂಗಭದ್ರೆಯ ಆಚೆ ದಂಡೆಯಲ್ಲಿರುವ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರ, ವಿರೂಪಾಪುರ ಗಡ್ಡಿಯ ಪ್ರವಾಸೋದ್ಯಮದ ಬಗ್ಗೆ ನಮ್ಮಲ್ಲಿ ಮಾತು ಏಳುವುದು ಎರಡೇ ಸಂದರ್ಭಗಳಲ್ಲಿ: ಬಜೆಟ್ಟಿನಲ್ಲಿ ಹನುಮನ ಜನ್ಮಸ್ಥಳವೆಂದು ನಂಬುವ ಅಂಜನಾದ್ರಿ ಬೆಟ್ಟಕ್ಕೆ ಹಣ ಘೋಷಣೆಯಾದಾಗ, ಇಲ್ಲವೇ ಕಟ್ಟಡ ಕೆಡವಲು ಊರಿಗೆ ಜೆಸಿಬಿ ಬಂದಾಗ. ಈ ಎರಡರ ನಡುವಿನ ದಿನಗಳಲ್ಲಿ ಇಲ್ಲಿ ಯಾರು ಹೇಗೆ ದುಡಿದು ಉಣ್ಣುತ್ತಾರೆ ಎಂಬುದನ್ನು ಕೇಳುವವರು ಕಡಿಮೆ.

ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಹೋಯಿತು, 2006ರಲ್ಲಿ ಹೊರಬಂತು. ಅದರ ನಡುವೆ 2002ರ ಕಾಯ್ದೆಯಡಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿಕೊಂಡಿತು. ಹೊಳೆಯ ಎರಡೂ ದಂಡೆಗಳ 29 ಹಳ್ಳಿಗಳು, ಸುಮಾರು 236 ಚದರ ಕಿಲೋಮೀಟರ್ ನೆಲ ಅದರ ವ್ಯಾಪ್ತಿಗೆ ಬಂದವು. ಸ್ಮಾರಕಗಳ ಪಾಲಿಗೆ ಇದು ಅಗತ್ಯವಾಗಿತ್ತು ಎಂಬುದರಲ್ಲಿ ನನಗೆ ತಕರಾರಿಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿರೂಪಾಪುರ ಗಡ್ಡಿಯ ಅಕ್ರಮ ರೆಸಾರ್ಟುಗಳ ತೆರವನ್ನು ಎತ್ತಿಹಿಡಿದು, ಮಾರ್ಚಿನಲ್ಲಿ ಕಟ್ಟಡಗಳು ನೆಲಸಮವಾದಾಗಲೂ ಕಾನೂನಿನ ಮಟ್ಟಿಗೆ ಅದು ಸರಿಯೆಂದೇ ಅನ್ನಿಸಿತ್ತು. ಆದರೆ ಅಲ್ಲಿ ಅಡುಗೆ ಮಾಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಹರಿಗೋಲು ಹಾಕುತ್ತಿದ್ದವರು ಮುಂದೆ ಏನು ಮಾಡಬೇಕೆಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಅದಾದ ಮೇಲೆ ಪ್ರವಾಸಿಗರು ಬರುವುದನ್ನು ಬಿಡಲಿಲ್ಲ, ಸಾಣಾಪುರದ ಕಡೆಗೆ ಸರಿದರು ಅಷ್ಟೆ. ಅಲ್ಲಿಯೂ ಅದೇ ಕತೆ ಮತ್ತೆ ಶುರುವಾಯಿತು: ಭತ್ತದ ಗದ್ದೆಯ ಅಂಚಿನಲ್ಲಿ ಶೆಡ್ಡು, ಶೆಡ್ಡಿಗೊಂದು ಇಂಗ್ಲಿಷ್ ಹೆಸರು, ಪರವಾನಗಿ ಮಾತ್ರ ಇಲ್ಲ.

ನನ್ನ ವಾದ ಇಷ್ಟೇ. ತಾನು ವಾಸವಿರುವ ಮನೆಯಲ್ಲಿ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು, ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸುವ ಕುಟುಂಬವನ್ನೂ, ಹೊರಗಿನಿಂದ ಬಂದು ಗದ್ದೆ ಗುತ್ತಿಗೆ ಹಿಡಿದು ಇಪ್ಪತ್ತು ಕಾಟೇಜು ಎಬ್ಬಿಸುವವನನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು. ಭೂಪರಿವರ್ತನೆ, ನಿರಾಕ್ಷೇಪಣಾ ಪತ್ರ, ನಕ್ಷೆ ಎಂದು ಕಚೇರಿಯಿಂದ ಕಚೇರಿಗೆ ಅಲೆಯುವ ಶಕ್ತಿ ಮೊದಲನೆಯವರಿಗಿಲ್ಲ. ಎರಡನೆಯವನಿಗೆ ವಕೀಲರಿದ್ದಾರೆ, ತಡೆಯಾಜ್ಞೆ ತರುವ ತಾಕತ್ತಿದೆ. ಹಳೆಯ ಮನೆಯ ಗೋಡೆ, ಎತ್ತರ, ಹೊರನೋಟ ಬದಲಿಸದೆ ನಡೆಸುವ ಹೋಮ್‌ಸ್ಟೇಗಳಿಗೆ ಗ್ರಾಮ ಪಂಚಾಯಿತಿಯಲ್ಲಿಯೇ ಕಾಲಮಿತಿಯೊಳಗೆ ನೋಂದಣಿಯಾಗಬೇಕು, ಹೊಸ ಕಟ್ಟಡಗಳಿಗೆ ಬಿಗಿ ಇನ್ನೂ ಹೆಚ್ಚಬೇಕು.

ಇದು ಸುರಕ್ಷತೆಯ ಪ್ರಶ್ನೆಯೂ ಹೌದು. 2025ರ ಮಾರ್ಚಿನಲ್ಲಿ ಸಾಣಾಪುರದ ಕಾಲುವೆಯ ಬಳಿ ನಡೆದ ಅತ್ಯಾಚಾರ, ಕೊಲೆಯ ಪ್ರಕರಣ ಇಡೀ ಜಿಲ್ಲೆಯನ್ನು ತಲೆತಗ್ಗಿಸುವಂತೆ ಮಾಡಿತು. ಎಲ್ಲಿ ಯಾರು ತಂಗಿದ್ದಾರೆಂಬ ಲೆಕ್ಕವೇ ಇಲ್ಲದ ಕಡೆ ಪೊಲೀಸ್ ಗಸ್ತು ಯಾವ ದಾರಿಯಲ್ಲಿ ತಿರುಗಬೇಕು, ಬೀದಿದೀಪ ಎಲ್ಲಿ ಹಾಕಿಸಬೇಕು?

ಇನ್ನು ಹೊಳೆಯ ವಿಷಯ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದೆ. ಬಂಡೆಗಳ ಸಂದಿಯಲ್ಲಿ ಮರಿ ಹಾಕುವ, ಮೀನು ತಿಂದು ಬದುಕುವ ಈ ಪ್ರಾಣಿಗೆ ಮರಳು ಗಣಿಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ದಂಡೆಯ ತುಂಬ ಬೀಳುವ ಬಾಟಲಿ, ಪ್ಲಾಸ್ಟಿಕ್ಕು ಇವೆಲ್ಲ ಕುತ್ತು. ನಮ್ಮೂರುಗಳ ಬಹುಪಾಲು ಜನರಿಗೆ ಈ ಮೀಸಲು ಪ್ರದೇಶದ ಸುದ್ದಿಯೇ ತಲುಪಿಲ್ಲ ಎನ್ನುವುದು ನನ್ನ ಅನಿಸಿಕೆ. ಬಿದಿರು ಸೀಳಿ ಬುಟ್ಟಿಯಂತೆ ಹೆಣೆದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ಹರಿಗೋಲಿನಲ್ಲಿ ದಿನವಿಡೀ ನೀರಿನ ಮೇಲಿರುವವನಿಗೆ ನೀರುನಾಯಿ ಯಾವ ಬಂಡೆಯ ಮೇಲೆ ಮೈ ಒಣಗಿಸುತ್ತದೆಂಬುದು ಗೊತ್ತಿರುತ್ತದೆ. ಅಂಥವರನ್ನೇ ಸಂಬಳ ಕೊಟ್ಟು ಕಾವಲುಗಾರರನ್ನಾಗಿ ನೇಮಿಸಿ, ಹರಿಗೋಲಿನ ಸಂಖ್ಯೆಗೂ ಹೊತ್ತಿಗೂ ಮಿತಿ ಹಾಕಿದರೆ ಅರಣ್ಯ ಇಲಾಖೆಗೂ ಅನುಕೂಲ, ಅಂಬಿಗರಿಗೂ ಮರ್ಯಾದೆಯ ದುಡಿಮೆ.

ಊರಿನವರಿಗೇ ದುಡಿಮೆ ಸಿಗುವುದಕ್ಕೆ ಆನೆಗೊಂದಿಯಲ್ಲಿ ಒಂದು ಮಾದರಿ ಈಗಾಗಲೇ ಇದೆ. ಗೊನೆ ಕಡಿದ ಮೇಲೆ ಬಾಳೆಯ ದಿಂಡು ತೋಟದಲ್ಲಿ ಕೊಳೆಯುವ ಕಸ. ಅದರ ಪಟ್ಟೆಗಳನ್ನು ಬಿಡಿಸಿ, ಒಣಗಿಸಿ, ಹೊಸೆದು ಇಲ್ಲಿನ ಹೆಣ್ಣುಮಕ್ಕಳು ಚೀಲ, ಬುಟ್ಟಿ, ಚಾಪೆ ಮಾಡುತ್ತಾರೆ. ಕಚ್ಚಾವಸ್ತು ಊರಿನದೇ, ಕೂಲಿ ಊರಿನಲ್ಲಿಯೇ ಉಳಿಯುತ್ತದೆ. ಅಂಜನಾದ್ರಿಯ ಬುಡದಲ್ಲಿ ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಗದೆ ಮಾರುವ ಬದಲು ಇದಕ್ಕೆ ಮಳಿಗೆಗಳೇಕೆ ಮೀಸಲಾಗಬಾರದು? 2022ರ ಬಜೆಟ್ಟಿನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಗಿತ್ತು, ರೋಪ್‌ವೇ ಮಾತೂ ನಡೆದೇ ಇದೆ. ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಲಾಗದ ಹಿರಿಯರಿಗೆ, ಅಂಗವಿಕಲರಿಗೆ ಅದು ಬೇಕೇ ಬೇಕು ಎನ್ನುವವರ ಪರ ನಾನು. ಆದರೆ ಅದರ ನೆಪದಲ್ಲಿ ಬುಡದ ಗದ್ದೆಗಳೆಲ್ಲ ಪಾರ್ಕಿಂಗ್ ಬಯಲಾಗುವುದಕ್ಕೆ ನನ್ನ ವಿರೋಧವಿದೆ.

ಅಂಜನಾದ್ರಿಗೆ ನುಗ್ಗುವ ಜನದಲ್ಲಿ ಒಂದಿಷ್ಟನ್ನಾದರೂ ಹಿರೇಬೆಣಕಲ್ಲಿನತ್ತ ತಿರುಗಿಸಬಹುದು. ಅಲ್ಲಿನ ಮೊರೇರ ಗುಡ್ಡದ ಶಿಲಾಸಮಾಧಿಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನವು, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಬಡಿದರೆ ದೂರದವರೆಗೆ ದನಿಗೊಡುವ ನಗಾರಿಯಾಕಾರದ ಬಂಡೆಯೂ ಅಲ್ಲಿದೆ. ಅಲ್ಲಿಗೆ ಡಾಂಬರು ರಸ್ತೆ ಬೇಡ. ನಡೆದೇ ಹತ್ತಲಿ, ಜೊತೆಗೆ ಊರಿನ ಹುಡುಗನೋ ಹುಡುಗಿಯೋ ತರಬೇತಿ ಪಡೆದ ಮಾರ್ಗದರ್ಶಿಯಾಗಿ ಹೋಗಲಿ. ನಿಧಿಗಳ್ಳರು ಕಲ್ಲು ಕೀಳುವುದಕ್ಕೂ ಆಗ ಕಡಿವಾಣ ಬಿದ್ದೀತು.

ಪ್ರವಾಸಿಗರಿಂದ ಎಲ್ಲೆಲ್ಲಿ ಶುಲ್ಕ ವಸೂಲಾಗುತ್ತದೆಯೋ ಅದರ ಒಂದು ಪಾಲು ಆಯಾ ಪಂಚಾಯಿತಿಯ ಕಸ ವಿಲೇವಾರಿಗೆ, ಕುಡಿಯುವ ನೀರಿಗೆ ಸಿಗಲಿ, ಮತ್ತು ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಲಿಖಿತವಾಗಿ ಕೊಡಲು ಸಿದ್ಧರಿರುವವರು ಇಲ್ಲಿಯೇ ತಿಳಿಸಿ.