ಸಿಮೆಂಟಿಗೊಂದು ಶೆಡ್ಡು, ಮನೆಯವರಿಗೆ ಅಡ್ಜಸ್ಟ್‌ಮೆಂಟು

ನಿನ್ನೆ ಸಾಗರದ ಹತ್ತಿರ ಚಿಕ್ಕಪ್ಪನ ಮಗನ ಮನೆ ಗುದ್ದಲಿ ಪೂಜೆ. ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟುತ್ತಿದ್ದಾರೆ. ಖುಷಿಯ ವಿಷಯವೇ. ಪಾನಕ, ಕೋಸಂಬರಿ ಎಲ್ಲ ಮುಗಿದ ಮೇಲೆ ನಮ್ಮ ಚಿಕ್ಕಮ್ಮ, ಎಪ್ಪತ್ತು ದಾಟಿದವರು, ಮಂಡಿನೋವು ಬೇರೆ, ಎಂಜಿನಿಯರ್ ಹುಡುಗನನ್ನು ಮೆಲ್ಲಗೆ ಕೇಳಿದರು, "ಮತ್ತೆ ನಾವು ಎಲ್ಲಿರೋದು ಮಾರಾಯ?" ಅವನು ನಕ್ಕ. "ಆರು ತಿಂಗಳು ತಾನೇ ಅಮ್ಮ, ಹಿಂದೆ ಕೊಟ್ಟಿಗೆ ಇದೆಯಲ್ಲ, ಶೀಟ್ ಹಾಕಿ ಕೊಡ್ತೀವಿ, ಅಡ್ಜಸ್ಟ್ ಮಾಡ್ಕೊಳ್ಳಿ." ಸುತ್ತ ನಿಂತಿದ್ದ ಗಂಡಸರೆಲ್ಲ ಹೌದೌದು ಅಂತ ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆ ಕಟ್ಟಿಸುವಾಗ ನಾವೂ ಹೀಗೇ ತಗಡಿನ ಶೆಡ್ಡಿನಲ್ಲಿ ಇದ್ದವರು, ಆ ದಿನಗಳಲ್ಲಿ ಬಂದವರಿಗೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕಾಫಿ ಕೊಟ್ಟಿದ್ದೇನೆ. ಆದ್ದರಿಂದ ಈ "ಆರು ತಿಂಗಳು" ಅನ್ನುವುದನ್ನು ನನ್ನ ಮುಂದೆ ಯಾರೂ ಹೇಳಬೇಡಿ. ಮಲೆನಾಡಿನಲ್ಲಿ ಯುಗಾದಿ ಕಳೆದ ಮೇಲೆ ಪಾಯ ತೋಡಿದರೆ ಮೋಲ್ಡ್ ಹಾಕುವ ಹೊತ್ತಿಗೆ ಮಳೆ ಹಿಡಿಯುತ್ತದೆ. ಮಳೆ ಹಿಡಿದರೆ ಮೇಸ್ತ್ರಿ ಊರಿಗೆ ಹೋಗುತ್ತಾನೆ. ಅವನು ಬರುವಷ್ಟರಲ್ಲಿ ಪಿತೃಪಕ್ಷ, ಅದು ಮುಗಿದರೆ ಬಡಗಿ ಸಿಗುವುದಿಲ್ಲ, ಬಡಗಿ ಸಿಕ್ಕಾಗ ಟೈಲ್ಸಿನವನು ಇಲ್ಲ, ಎಲ್ಲ ಸಿಕ್ಕಿತು ಅನ್ನುವಾಗ ಧನುರ್ಮಾಸ, ಗೃಹಪ್ರವೇಶ ಮಾಡುವ ಹಾಗಿಲ್ಲ. ಇದು ಎಂಜಿನಿಯರಿಗೆ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ಕೊಟ್ಟಿಗೆಯಲ್ಲಿ ಮಲಗುವವನು ಅವನಲ್ಲ, ಅಷ್ಟೇ.

ನಮ್ಮ ಮನೆಯ ಎಸ್ಟಿಮೇಟ್ ಇನ್ನೂ ಬೀರುವಿನಲ್ಲಿದೆ, ರಾತ್ರಿ ಬಂದು ತೆಗೆದು ನೋಡಿದೆ. ಫುಟಿಂಗ್, ಪ್ಲಿಂತ್ ಬೀಮ್, ಎಂ ಸ್ಯಾಂಡ್, ಕಬ್ಬಿಣ, ಕರೆಂಟ್ ಪಾಯಿಂಟು, ದೇವರ ಮನೆ ಬಾಗಿಲಿನ ಕೆತ್ತನೆ, ಎಲ್ಲದಕ್ಕೂ ಒಂದೊಂದು ಸಾಲು. ಸಿಮೆಂಟ್ ಇಡಲು ಶೆಡ್ಡು, ಅದಕ್ಕೂ ಒಂದು ಸಾಲು, ಪಕ್ಕದಲ್ಲಿ ದುಡ್ಡು. ಸಿಮೆಂಟಿನ ಮರ್ಯಾದೆ ನೋಡಿ: ನೆಲಕ್ಕೆ ತಾಗಬಾರದು, ಕೆಳಗೆ ಹಲಗೆ ಹಾಕಬೇಕು, ಗೋಡೆಗೆ ಒರಗಿಸಬಾರದು, ಹತ್ತು ಮೂಟೆಗಿಂತ ಎತ್ತರ ಪೇರಿಸಬಾರದು, ತೇವ ತಾಗಿದರೆ ಗಟ್ಟಿಯಾಗಿಬಿಡುತ್ತದೆ. ಮನೆಯವರಿಗೆ? ತೇವ ತಾಗಿದರೆ ಏನಾಗುತ್ತದೆ, ಕೆಮ್ಮುತ್ತಾರೆ. ಎಸ್ಟಿಮೇಟಿನಲ್ಲಿ ಅವರಿಗೆ ಒಂದು ಸಾಲೂ ಇಲ್ಲ.

ಬಾಡಿಗೆ ಮನೆ ಹಿಡಿಯಬಹುದಲ್ವಾ ಅಂತೀರಿ. ಬೆಂಗಳೂರಿನ ನನ್ನ ತಂಗಿ ಅದನ್ನೇ ಮಾಡಿದಳು. ಮೊದಲು ಅಡ್ವಾನ್ಸ್, ಆಮೇಲೆ ತಿಂಗಳು ತಿಂಗಳು ಬಾಡಿಗೆ. ಅದರ ಜೊತೆಗೆ ಬ್ಯಾಂಕು ಬಿಡುಗಡೆ ಮಾಡಿದ ಸಾಲಕ್ಕೆ ಬಡ್ಡಿ. ಹಳೇ ತೆರಿಗೆ ಪದ್ಧತಿಯಲ್ಲೂ ಆ ಬಡ್ಡಿಗೆ ಮನೆ ಕಟ್ಟುತ್ತಿರುವಾಗ ವಿನಾಯಿತಿ ಸಿಗುವುದಿಲ್ಲ, ಮನೆ ಮುಗಿದ ವರ್ಷದಿಂದ ಐದು ಸಮಾನ ಕಂತಿನಲ್ಲಿ ಕೊಡುತ್ತಾರೆ. ಕೈ ಬಿಗಿ ಇರುವುದು ಈಗ, ಸಮಾಧಾನ ಆಮೇಲೆ. ಇನ್ನು ಹನ್ನೊಂದು ತಿಂಗಳ ಅಗ್ರಿಮೆಂಟು. ವರ್ಷ ದಾಟುವ ಕರಾರಾದರೆ ನೋಂದಣಿ ಮಾಡಿಸಬೇಕು, ಆ ರಗಳೆ ಬೇಡ ಅಂತ ಹನ್ನೊಂದು. ಹನ್ನೊಂದು ತಿಂಗಳಲ್ಲಿ ಅವಳ ಮನೆಗೆ ಕಿಟಕಿ ಕೂಡ ಕೂತಿರಲಿಲ್ಲ, ಓನರ್ ಬಾಡಿಗೆ ಏರಿಸಿದ. 2021ರಲ್ಲಿ ಕೇಂದ್ರದವರು ಮಾದರಿ ಬಾಡಿಗೆ ಕಾಯ್ದೆ ಅಂತ ತಂದರು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತ ಅದರಲ್ಲಿದೆ. ಇದನ್ನು ಆ ಓನರಿಗೆ ಓದಿ ಹೇಳಿದರೆ ಅವನು ಕಾಫಿ ಕೊಟ್ಟು ಕಳಿಸುತ್ತಾನೆ.

ಸರ್ಕಾರದ ಲೆಕ್ಕವೂ ಹೀಗೇ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ, ಶೌಚಾಲಯಕ್ಕೆ ಬೇರೆ 12 ಸಾವಿರ. ಪಾಯ ಆಯ್ತಾ ಫೋಟೊ, ಗೋಡೆ ಎದ್ದಿತಾ ಫೋಟೊ, ಆಮೇಲೆ ಕಂತು. ಇದ್ದ ಗುಡಿಸಲು ಕೆಡವಿ ಅದೇ ಜಾಗದಲ್ಲಿ ಕಟ್ಟುವವರು ಕಂತು ಬರುವ ತನಕ ಎಲ್ಲಿರಬೇಕು? ಟಾರ್ಪಾಲಿನ ಕೆಳಗೆ. ಅದರ ಫೋಟೊ ಯಾರೂ ಕೇಳುವುದಿಲ್ಲ.

ಈಗ ಒಬ್ಬರು ಖಂಡಿತ ಬರುತ್ತಾರೆ, "ನಮ್ಮ ಅಜ್ಜ ಅಜ್ಜಿ ಕೊಟ್ಟಿಗೆಯಲ್ಲೇ ಇದ್ದು ಇಷ್ಟು ದೊಡ್ಡ ಮನೆ ಕಟ್ಟಲಿಲ್ವಾ" ಅಂತ. ಕಟ್ಟಿದರು ಸ್ವಾಮಿ. ನನ್ನ ಅಜ್ಜಿ ಹೇಳುತ್ತಿದ್ದರು, ಅವರದು ಹೆಂಚಿನ ಮನೆ, ಅರ್ಧ ಬಿಚ್ಚಿ ಅರ್ಧದಲ್ಲಿ ವಾಸ, ಅಡಿಗೆಮನೆ ಕಡೆಯದಾಗಿ ಮುಟ್ಟಿದ್ದು. ಬಾಣಂತಿಯನ್ನು ಪಕ್ಕದ ಮನೆಯವರು ಕರೆದು ಇಟ್ಟುಕೊಂಡಿದ್ದರು. ಈಗ ಜೆಸಿಬಿ ಬೆಳಿಗ್ಗೆ ಬಂದರೆ ಮಧ್ಯಾಹ್ನಕ್ಕೆ ಮನೆ ಇಲ್ಲ. ಪಕ್ಕದ ಮನೆಯವರು ಧೂಳು ಬಂತು ಅಂತ ಕಿಟಕಿ ಹಾಕಿಕೊಳ್ಳುತ್ತಾರೆ. ಆ ಕೊಟ್ಟಿಗೆಯ ಪ್ರತಾಪ ಹೇಳುವವರೆಲ್ಲ ಅಜ್ಜನ ಮೊಮ್ಮಕ್ಕಳು, ಅಜ್ಜಿಯನ್ನು ಕೇಳಿದವರು ಒಬ್ಬರೂ ಇಲ್ಲ.

ನಮ್ಮ ಶೆಡ್ಡಿನಲ್ಲಿ ಮಳೆ ಜೋರಾದರೆ ತಗಡಿನ ಸದ್ದಿಗೆ ಅತ್ತೆ ಕರೆದದ್ದು ಕೇಳುತ್ತಿರಲಿಲ್ಲ. ಸಿಂಕ್ ಇಲ್ಲ, ಪಾತ್ರೆ ಹೊರಗೆ ಕಲ್ಲಿನ ಮೇಲೆ, ಕೊಡೆ ಹಿಡಿದುಕೊಂಡು. ಒಂದು ದಿನ ದೋಸೆ ಹಿಟ್ಟಿನ ಪಾತ್ರೆ ಮಗುಚಿ ಹಾಸಿಗೆಯ ತನಕ ಹರಿಯಿತು, ಯಾಕೆಂದರೆ ಒಲೆಗೂ ಹಾಸಿಗೆಗೂ ಇದ್ದದ್ದು ಒಂದು ಮೊಳ ಜಾಗ. ಅವತ್ತು ಅತ್ತಿದ್ದೇನೆ. ಒಂದು ಮಾತು ಹೇಳಿಬಿಡುತ್ತೇನೆ, ಇವರು ಓದಿದರೂ ಪರವಾಗಿಲ್ಲ: ಹೊಸ ಮನೆಗೆ ಹೋದ ಮೇಲೆ ಎಷ್ಟೋ ಕಾಲ ಅದರ ಮೇಲೆ ನನಗೆ ಪ್ರೀತಿ ಬರಲಿಲ್ಲ. ಬಂದವರು ಗ್ರಾನೈಟ್ ಹೊಗಳಿದಾಗೆಲ್ಲ ಆ ಪಾತ್ರೆ ತೊಳೆಯುವ ಕಲ್ಲೇ ಕಣ್ಣಿಗೆ ಬರುತ್ತಿತ್ತು.

ನಮ್ಮ ಪಕ್ಕದಲ್ಲೇ ಇನ್ನೊಂದು ಶೆಡ್ಡಿತ್ತು, ಯಾದಗಿರಿ ಕಡೆಯ ಗಾರೆ ಕೆಲಸದವರದು. ಗಂಡ, ಹೆಂಡತಿ, ಎರಡು ಮಕ್ಕಳು. ನನಗಾದರೂ ಮುಂದೊಂದು ಮನೆ ಕಾಣುತ್ತಿತ್ತು, ಅವಳಿಗೆ ಇದು ಮುಗಿದರೆ ಇನ್ನೊಬ್ಬರ ಸೈಟು, ಇನ್ನೊಂದು ತಗಡು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು: ಕೆಲಸ ಮಾಡಿಸುವವನು ಪುಕ್ಕಟೆ ತಾತ್ಕಾಲಿಕ ವಸತಿ ಕೊಡಬೇಕು, ಅಡಿಗೆಗೆ ಬೇರೆ ಜಾಗ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ವ್ಯವಸ್ಥೆ ಇರಬೇಕು ಅಂತ. ಆದರೆ ಹತ್ತು ಮಂದಿ ಕೆಲಸಗಾರರಿದ್ದರೆ ಮಾತ್ರ ಆ ಕಾಯ್ದೆ ಅನ್ವಯವಾಗುತ್ತಿತ್ತು. ನಮ್ಮಂಥವರ ಮನೆಯಲ್ಲಿ ಹತ್ತು ಮಂದಿ ಎಲ್ಲಿ? ಇದ್ದ ಒಂದು ಟಾಯ್ಲೆಟ್ಟಿಗೆ ಬೆಳಿಗ್ಗೆ ನಾನೂ ಅವಳೂ ಸರದಿ ಹಚ್ಚುತ್ತಿದ್ದೆವು, ನಾವಿಬ್ಬರೂ ಸ್ನೇಹಿತರಾಗಿದ್ದು ಹಾಗೆ.

ಇವತ್ತು ಬೆಳಿಗ್ಗೆ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಪಾಯ ಆಮೇಲೆ ತೋಡು, ಮೊದಲು ಕೊಟ್ಟಿಗೆ ಪಕ್ಕ ಬಚ್ಚಲು, ಟಾಯ್ಲೆಟ್ ಕಟ್ಟಿಸು, ಚಿಕ್ಕಮ್ಮನಿಗೆ ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸು, ನೆಲ ಒಂದಡಿ ಎತ್ತರಿಸು, ನಲ್ಲಿ ಇರುವ ಸಿಂಕ್ ಇಡಿಸು, ತಗಡಿನ ಕೆಳಗೆ ಅಡಿಕೆ ಸೋಗೆಯಾದರೂ ಹೊದೆಸು ಅಂದೆ. "ಅಕ್ಕ, ಬಜೆಟ್ಟಿನಲ್ಲಿ ಇಲ್ಲ" ಅಂದ. ಮುಂದಿನ ಗೇಟಿಗೆ ಎಷ್ಟು ಇಟ್ಟಿದ್ದೀಯ ಅಂತ ಕೇಳಿದೆ. ಹೇಳಿದ. ಅದರ ಅರ್ಧದಲ್ಲಿ ಇಷ್ಟೂ ಆಗುತ್ತದೆ. ಗೇಟು ಮುಂದಿನ ವರ್ಷ ಹಾಕಿಸು ಅಂದಿದ್ದೇನೆ, ಯೋಚನೆ ಮಾಡ್ತೀನಿ ಅಂದ. ನಾಳೆ ಮತ್ತೆ ಫೋನ್ ಮಾಡುತ್ತೇನೆ, ಈ ಸಲ ಸೀದಾ ಅವನ ಹೆಂಡತಿಗೆ.